ಏನೂ ಆಗದವರ ಮಂಗಳವಾರ

ನರ್ಸಿಂಗ್ ಕಲಿಯಲು ಬಂದ ಹುಡುಗಿಯರು ಆಗಾಗ ಧಾರವಾಡದ ನನ್ನ ಮನೆಗೆ ಬರುತ್ತಾರೆ. ಮೊದಲ ಸಲ ಸೂಜಿ ಚುಚ್ಚುವಾಗ ಕೈ ನಡುಗಿತೇ, ಮೊದಲ ಹೆರಿಗೆ ನೋಡಿ ತಲೆ ಸುತ್ತಿತೇ ಎಂದೆಲ್ಲ ಕೇಳುತ್ತಾರೆ. ನಡುಗಿತು, ಸುತ್ತಿತು. ಅದರಲ್ಲಿ ಹೇಳುವಂಥದ್ದೇನಿಲ್ಲ, ಎಲ್ಲರಿಗೂ ಆಗುತ್ತದೆ. ನನ್ನ ಇಡೀ ವೃತ್ತಿಯಲ್ಲಿ ನನಗೆ ಬೆವರಿಳಿಸಿದ ಕೆಲಸವೆಂದರೆ ಬೇರೆಯದೇ. ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳ ಬಾಯಿಂದ, ಅವಳ ತಾಯಿ ಯಾವ ರೋಗದಿಂದ ಸತ್ತಳು ಎಂಬುದನ್ನು ಹೇಳಿಸುವುದು!

ಮೂವತ್ತರ ದಶಕದ ಮೊದಲ ಭಾಗದಲ್ಲಿ ನಾನು ಹುಬ್ಬಳ್ಳಿಯಲ್ಲಿ ಹೆಂಗಸರಿಗೆಂದೇ ಇದ್ದ ಒಂದು ಸಣ್ಣ ದವಾಖಾನೆಯಲ್ಲಿದ್ದೆ. ಹಂಚಿನ ಕಟ್ಟಡ, ಮುಂದೆ ಪಡಸಾಲೆ, ಪಡಸಾಲೆಯಲ್ಲಿ ಬಂದವರು ಕೂರಲು ಒಂದು ಉದ್ದನೆಯ ಮರದ ಬಾಕು. ಕೆಲಸಕ್ಕೆ ನಾನು ಮತ್ತು ಆಯಾ ಹುಸೇನಬಿ. ನಮ್ಮಿಬ್ಬರನ್ನೂ ಆಳಲು ಬಂದವರು ಮಂಗಳೂರು ಕಡೆಯ ಡಾಕ್ಟರಬಾಯಿ. ಮದ್ರಾಸಿನಲ್ಲಿ ಕಲಿತವರು. ಎತ್ತರದ ಆಳು, ಬಿಳಿ ಸೀರೆ, ಮೂರು ಗೋಡೆಗಳ ಆಚೆಗೂ ಕೇಳುವ ಧ್ವನಿ. ಹೆಸರು ಸಿಸಿಲಿಯಾ. ಹುಬ್ಬಳ್ಳಿಯ ನಾಲಿಗೆಗೆ ಆ ಹೆಸರು ಹತ್ತಲಿಲ್ಲ. ಎರಡೇ ವಾರದಲ್ಲಿ ಅವರು ‘ಶಿಶುಲೀಲಾಬಾಯಿ’ ಆದರು. ಹೆರಿಗೆ ಮಾಡಿಸುವವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಇಡಲು ಅವರ ಅಪ್ಪನಿಗೂ ಸಾಧ್ಯವಾಗಿರಲಿಲ್ಲ.

ಡಾಕ್ಟರಬಾಯಿಗೆ ಒಂದು ಹಟವಿತ್ತು. ನಮ್ಮಲ್ಲಿಗೆ ಬರುವ ಹೆಂಗಸರು ರೋಗ ಹಣ್ಣಾದ ಮೇಲೆ ಬರುತ್ತಿದ್ದರು. ‘ಇದನ್ನು ಹೂವಾಗಿದ್ದಾಗಲೇ ನೋಡಬೇಕಿತ್ತು’ ಎಂದು ಅವರು ಕೈ ತೊಳೆದುಕೊಳ್ಳುತ್ತ ಗೊಣಗುತ್ತಿದ್ದರು. ಅದಕ್ಕಾಗಿ ವಾರಕ್ಕೊಂದು ದಿನ ಏನೂ ಆಗದ ಹೆಂಗಸರನ್ನು ಕರೆಸಿ ಮೈ ಪರೀಕ್ಷೆ ಮಾಡುವುದು, ತಾಯಿ, ಅಜ್ಜಿ, ಅಕ್ಕತಂಗಿಯರಿಗೆ ಏನೇನಾಗಿತ್ತು ಎಂದು ಕೇಳಿಕೊಳ್ಳುವುದು ಎಂದು ತೀರ್ಮಾನಿಸಿದರು. ಕೆಲವು ರೋಗಗಳು ಒಂದೇ ಮನೆತನದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ, ಅಂಥ ಮನೆಯವರ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂಬುದು ಅವರ ವಾದ. ದಿನ ಗೊತ್ತುಮಾಡುವಾಗ ನಮ್ಮನ್ನು ಕೇಳಲಿಲ್ಲ. ಮಂಗಳವಾರ ಎಂದುಬಿಟ್ಟರು.

“ಬಾಯೀ, ಮಂಗಳವಾರ ನಮ್ಮ ಕಡೆ ಹೆಣ್ಣಮಕ್ಕಳನ್ನ ಮನಿ ಬಿಟ್ಟು ಕಳಸಂಗಿಲ್ಲರಿ” ಎಂದೆ.

“ಯಾಕೆ, ಮಂಗಳವಾರ ಎಂತ ಪಾಪ ಮಾಡಿದೆ?” ಎಂದರು.

ಆದರೆ ಈ ತಪ್ಪೇ ನಮಗೆ ಲಾಭವಾಯಿತು. ತವರಿಗೆ ಬಂದ ಹೆಣ್ಣುಮಕ್ಕಳು ಮಂಗಳವಾರ ಗಂಡನ ಮನೆಗೆ ಹೊರಡುವಂತಿಲ್ಲ. ಹಾಗಾಗಿ ಊರಿನಲ್ಲಿ ಬಿಡುವಾಗಿ ಸಿಗುತ್ತಿದ್ದವರೆಲ್ಲ ಅವತ್ತೇ ಸಿಗುತ್ತಿದ್ದರು.

ಸಿಕ್ಕರೇನು, ದವಾಖಾನೆಗೆ ಬರಬೇಕಲ್ಲ. ಮೊದಲ ಮಂಗಳವಾರ ಬಾಕಿನ ಮೇಲೆ ಒಂದು ಬೆಕ್ಕು ಮಲಗಿತ್ತು. ಎರಡನೆಯ ಮಂಗಳವಾರವೂ ಅದೇ ಬೆಕ್ಕು. ಡಾಕ್ಟರಬಾಯಿ ಅದರ ಕಡೆ ನೋಡಿ, “ಇದರ ತಾಯಿಗೆ ಎಂತ ಆಗಿತ್ತು ಕೇಳು ಮಾರಾಯ್ತಿ” ಎಂದರು. ಆಗ ಉಪಾಯ ಮಾಡಿದವಳು ಹುಸೇನಬಿ. ದವಾಖಾನೆಗೆ ಆಗಷ್ಟೇ ಆಳೆತ್ತರದ ತೂಕದ ಯಂತ್ರ ಬಂದಿತ್ತು. ಹುಸೇನಬಿ ತನ್ನ ಓಣಿಯಲ್ಲಿ, ಪಕ್ಕದ ಓಣಿಯಲ್ಲಿ, ನೀರಿನ ನಲ್ಲಿಯ ಹತ್ತಿರ ಒಂದೇ ಮಾತು ಬಿತ್ತಿದಳು: “ಮಂಗಳವಾರ ಬಂದೋರ್ನ ತೂಕ ಮಾಡ್ತಾರ. ಪುಕ್ಕಟ.”

ಹತ್ತಿ ಪೇಟೆಯ ಊರು ಅದು. ಊರಿನ ಗಂಡಸರು ಬೆಳಗಿನಿಂದ ಸಂಜೆವರೆಗೆ ತೂಗುವವರು. ತಾವೂ ತಕ್ಕಡಿ ಏರಬಹುದೆಂದು ಹೆಂಗಸರಿಗೆ ಹೊಳೆದದ್ದೇ ತಡ, ಬೆಕ್ಕಿಗೆ ಜಾಗವಿಲ್ಲದಂತಾಯಿತು. ಹಗುರವಾಗಿ ಬರಬೇಕೆಂದು ಯಾರಿಗೂ ಇರಲಿಲ್ಲ. ಆಗ ಭಾರವೇ ಮರ್ಯಾದೆ. ಡಾಬು, ಪಾಟ್ಲಿ, ಕಾಲುಂಗುರ ಎಲ್ಲ ಹಾಕಿಕೊಂಡು ಬಂದು ಯಂತ್ರದ ಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. “ನಮ್ಮ ನೆಗೆಣ್ಣಿ ಎಷ್ಟ ಆದ್ಲ್ರಿ?” ಎಂದು ಕೇಳಿ, ಅವಳು ಹೆಚ್ಚು ತೂಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ತೂಕ ಆದ ಮೇಲೆ ನಾನು ಮೆಲ್ಲನೆ ಒಳಗೆ ಕರೆದು ಬಾಗಿಲು ಹಾಕುತ್ತಿದ್ದೆ. ಅಲ್ಲಿಂದ ನಮ್ಮ ನಿಜವಾದ ಕೆಲಸ ಶುರು.

ಮೈ ಪರೀಕ್ಷೆಗೆ ನಾಚಿದರೂ ಒಪ್ಪುತ್ತಿದ್ದರು. ಪ್ರಶ್ನೆಗೆ ಮಾತ್ರ ಜಪ್ಪಯ್ಯ ಎಂದರೂ ಉತ್ತರವಿಲ್ಲ. ಡಾಕ್ಟರಬಾಯಿ ಕೇಳಿದ ಮೊಟ್ಟಮೊದಲ ಪ್ರಶ್ನೆ ನನಗೆ ಇನ್ನೂ ನೆನಪಿದೆ.

“ನಿಮ್ಮ ತಾಯಿ ಎಂತದರಲ್ಲಿ ತೀರಿಕೊಂಡದ್ದು?”

ಆ ಹೆಣ್ಣುಮಗಳು ನನ್ನ ಮುಖ ನೋಡಿದಳು, ಡಾಕ್ಟರ ಮುಖ ನೋಡಿದಳು. ಆಮೇಲೆ ಹೇಳಿದಳು: “ಚಕ್ಕಡ್ಯಾಗರಿ. ದವಾಖಾನಿಗೆ ಒಯ್ಯಾಕತ್ತಿದ್ರು, ಹಾದ್ಯಾಗ ಹೋದ್ಲು.”

ಪ್ರಶ್ನೆಯನ್ನು ತಿದ್ದಿ ನಾನು ಕೇಳಿದೆ. “ಏನಾಗಿತ್ತವಾ ಅವರಿಗೆ?”

“ಏನೂ ಆಗಿರಲಿಲ್ಲರಿ. ಸತ್ತದ್ದೊಂದು ಬಿಟ್ರ ಗಟ್ಟಿಮುಟ್ಟಾಗೇ ಇದ್ಲು.”

ಹೀಗೆ ವಾರಗಟ್ಟಲೆ ನಡೆಯಿತು. ಡಾಕ್ಟರಬಾಯಿಯ ಪ್ರಕಾರ ಹುಬ್ಬಳ್ಳಿಯಲ್ಲಿ ತಾಯಂದಿರು ಯಾವ ಕಾರಣವೂ ಇಲ್ಲದೆ ಸಾಯುತ್ತಿದ್ದರು. ಅವರು ಬಾಯಿ ಬಿಡದಿರುವುದರ ನಿಜ ಕಾರಣ ನನಗೆ ಗೊತ್ತಿತ್ತು. ಮನೆತನದ ರೋಗದ ಸುದ್ದಿ ಹೊರಬಿದ್ದರೆ ಆ ಮನೆಯ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ. ಸತ್ತವಳು ಹೇಗೂ ಸತ್ತಳು, ಬದುಕಿದವರ ಮದುವೆ ಯಾಕೆ ಕೆಡಬೇಕು?

ಬೀಗ ತೆರೆದದ್ದು ಅಕಸ್ಮಾತ್ತಾಗಿ. ಒಂದು ದಿನ ಒಬ್ಬ ಬಸುರಿ ಸೊಸೆ ಪರದೆಯ ಒಳಗಿದ್ದಳು. ಅವಳ ಅತ್ತೆ ಪರದೆಯ ಹೊರಗೆ ಸ್ಟೂಲಿನ ಮೇಲೆ ಕೂತಿದ್ದಳು. “ತವರುಮನ್ಯಾಗ ಯಾರಿಗರ ಸಕ್ಕರಿ ಬ್ಯಾನಿ ಐತೇನು?” ಎಂದು ನಾನು ಕೇಳಿದೆ. “ಇಲ್ರಿ” ಎಂದಳು ಸೊಸೆ.

ಹೊರಗಿನಿಂದ ಅತ್ತೆಯ ಧ್ವನಿ ಬಂತು. “ಸುಳ್ಳರಿ! ಅವರಪ್ಪಗ ಐತಿ. ಅವರ ಸೋದರತ್ತಿಗಿ ಕಾಲಿನ ಹುಣ್ಣು ಮಾಯಲಿಲ್ಲ. ಮಾತುಕತಿ ಆಗೂ ಮುಂದ ಬಾಯಿ ಬಿಡಲಿಲ್ಲ ನೋಡ್ರಿ ಇವರು!”

ಸೊಸೆ ಪರದೆಯಿಂದ ತಲೆ ಹೊರಗೆ ಹಾಕಿದಳು. “ನಮ್ಮಪ್ಪನ ಸುದ್ದಿ ಬಿಡ್ರಿ. ನಿಮ್ಮ ಅಕ್ಕಾಗ ಪ್ರತಿ ಸಲ ಹಡಿಯೂ ಮುಂದ ಫಿಟ್ಸ್ ಬರ್ತಿತ್ತಲ್ಲ, ಅದನ್ನ ಯಾರು ಹೇಳಿದ್ರು?”

ಡಾಕ್ಟರಬಾಯಿ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. ಅವರಿಬ್ಬರು ಸುಮ್ಮನಾದಾಗ, “ಇನ್ನೂ ಉಂಟಾ?” ಎಂದು ಆಸೆಯಿಂದ ಕೇಳಿದರು.

ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ಸೊಸೆಯ ತವರಿನ ರೋಗಗಳನ್ನು ಅತ್ತೆಯ ಬಾಯಿಂದ ಕೇಳುವುದು, ಅತ್ತೆಯ ತವರಿನವನ್ನು ಸೊಸೆಯ ಬಾಯಿಂದ ಕೇಳುವುದು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಬೇಕು, ಇಲ್ಲದಿದ್ದರೆ ಹುಸೇನಬಿ ನಡುವೆ ನಿಂತು ಬಿಡಿಸಬೇಕಾಗುತ್ತಿತ್ತು. ಹುಡುಗಿಯರೇ, ನಿಮ್ಮ ಪುಸ್ತಕದಲ್ಲಿ ಇದು ಇರಲಿಕ್ಕಿಲ್ಲ. ಆದರೆ ಇಷ್ಟು ಪಕ್ಕಾ ಮಾಹಿತಿ ನನಗೆ ಬೇರೆ ಯಾವ ವಿಧಾನದಿಂದಲೂ ಸಿಕ್ಕಿಲ್ಲ.

ಇದರಿಂದ ಹೊಸದೊಂದು ಸಂಕಟ ಹುಟ್ಟಿತು. ಊರಿನ ಮನೆತನಗಳ ಒಳಗುಟ್ಟೆಲ್ಲ ನರ್ಸಬಾಯಿಗೆ ಗೊತ್ತಿದೆ ಎಂದು ಸುದ್ದಿಯಾಯಿತು. ಗಂಡಿನ ಕಡೆಯವರು ಜಾತಕ ಹಿಡಿದು ಹೋಗುವ ಮೊದಲು ನಮ್ಮ ಬಾಕಿಗೆ ಬರತೊಡಗಿದರು. “ಆ ಮನಿ ಹುಡುಗಿ ಹ್ಯಾಂಗ್ರಿ? ಅವರ ಕಡೆ ಏನರ ಐತೇನ್ರಿ?” ಎಂದು ಪಿಸುಗುಟ್ಟುವರು. ಹೀಗೇ ಬಿಟ್ಟರೆ ಇನ್ನು ಯಾರೂ ನಮ್ಮೆದುರು ಬಾಯಿ ತೆರೆಯುವುದಿಲ್ಲ ಎಂದು ನನಗೆ ದಿಗಿಲಾಯಿತು. ಡಾಕ್ಟರಬಾಯಿ, “ಬೈದು ಓಡಿಸು” ಎಂದರು. ಬೈದರೆ, ಏನೋ ಇದೆ ಅದಕ್ಕೇ ಬೈದಳು ಎನ್ನುತ್ತಾರೆ. ಏನೂ ಇಲ್ಲ ಎಂದರೆ, ನಾಳೆ ಇನ್ನೊಂದು ಮನೆಯ ಬಗ್ಗೆ ಸುಮ್ಮನಿದ್ದಾಗ ಸಿಕ್ಕಿಬೀಳುತ್ತೇನೆ. ಕೊನೆಗೆ ನಾನೊಂದು ಉತ್ತರ ಕಟ್ಟಿಕೊಂಡೆ.

“ಹೇಳತೇನ್ರಿ, ಯಾಕ ಹೇಳೂದಿಲ್ಲ. ಬರ್ರಿ, ಒಳಗ ಕುಂಡ್ರಿ. ಮೊದಲ ನಿಮ್ಮ ಮನಿತನದ್ದು ಹೇಳ್ರಿ. ನಾಳೆ ಹೆಣ್ಣಿನ ಕಡೆಯವರು ಕೇಳಾಕ ಬಂದ್ರ ಅವರಿಗೂ ಹೇಳಬೇಕಲ್ಲರಿ?”

ಇಷ್ಟು ಹೇಳಿದರೆ ಸಾಕು, ಎಂಥ ಗಟ್ಟಿಗಿತ್ತಿಗೂ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುತ್ತಿತ್ತು.

ಆ ದಿನಗಳಲ್ಲೇ ಬಸಲಿಂಗವ್ವ ತನ್ನ ಮಗಳು ಶಾಂತವ್ವನನ್ನು ಕರೆದುಕೊಂಡು ತೂಕಕ್ಕೆ ಬಂದಳು. ಗಂಡ ಚನ್ನಬಸಪ್ಪನದು ಹತ್ತಿಯ ಅಡತಿ ಅಂಗಡಿ, ರೈತರ ಹತ್ತಿಯನ್ನು ದಲಾಲಿಗೆ ಮಾರಿಕೊಡುವುದು. ಬಸಲಿಂಗವ್ವ ನಲವತ್ತು ದಾಟಿದ, ನಗುಮುಖದ ಹೆಂಗಸು. ಯಂತ್ರದ ಮೇಲೆ ನಿಂತು, “ಗಾಡಿ ಎತ್ತಿಗಿ ಭಾರ ಆಗೂವಷ್ಟು ಆಗೇನೇನ್ರಿ?” ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಒಳಗೆ ಪರೀಕ್ಷೆ ಮಾಡುವಾಗ ಡಾಕ್ಟರಬಾಯಿಯ ಕೈ ಅವಳ ಎಡ ಎದೆಯ ಒಂದು ಕಡೆ ನಿಂತಿತು. ಮತ್ತೆ ಅಲ್ಲಿಗೇ ಬಂತು. ಅವರ ದೊಡ್ಡ ಧ್ವನಿ ಸಣ್ಣದಾಯಿತೆಂದರೆ ಸುದ್ದಿ ಒಳ್ಳೆಯದಲ್ಲ ಎಂದು ನನಗೆ ಗೊತ್ತಿತ್ತು. ಅವತ್ತು ಸಣ್ಣದಾಯಿತು.

“ಇದು ಯಾವಾಗಿನಿಂದ ಉಂಟು?”

“ಏನರಿ ಅದು? ಏನಿಲ್ಲ ಬಿಡ್ರಿ. ಉಷ್ಣದ ಗಂಟು.”

“ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತಾ?”

“ಯಾರಿಗೂ ಇಲ್ರಿ” ಎಂದಳು ಬಸಲಿಂಗವ್ವ.

ಮೂಲೆಯಲ್ಲಿ ನಿಂತಿದ್ದ ಶಾಂತವ್ವ, “ಯವ್ವಾ, ಅಜ್ಜಿಗಿ ಆಗಿತ್ತಲ್ಲ? ದೊಡ್ಡವ್ವಗೂ...” ಎಂದಳು. ತಾಯಿ ಅವಳನ್ನು ನೋಡಿದ ರೀತಿಗೆ ಮಾತು ಅಲ್ಲೇ ತುಂಡಾಯಿತು. ಮಗಳನ್ನು ಹೊರಗೆ ಕಳಿಸಿದ ಮೇಲೆ ಬಸಲಿಂಗವ್ವ ನನ್ನ ಕೈ ಹಿಡಿದುಕೊಂಡಳು.

“ನರ್ಸಬಾಯಿ, ನಮ್ಮವ್ವ ಇದರಾಗ ಹೋದ್ಲು. ನಮ್ಮಕ್ಕನೂ ಇದರಾಗ ಹೋದ್ಲು. ನನಗ ಗೊತ್ತೈತಿ ಇದೇನಂತ. ಆದ್ರ ಶಾಂತವ್ವನ ಮದುವಿ ಉಪ್ಪಿನಬೆಟಗೇರಿಗೆ ನಿಶ್ಚೆ ಆಗೇತಿ. ಛಲೋ ಮನಿತನ, ದೊಡ್ಡ ಒಕ್ಕಲುತನ. ಅವರಿಗೆ ತಿಳದ್ರ ಹುಡುಗಿ ಕೈ ಬಿಡತಾರ. ಅಕ್ಕಿಕಾಳ ಬೀಳಲಿ. ಆಮ್ಯಾಗ ನೀವು ಎಲ್ಲಿ ಕೊಯ್ಯಂದ್ರ ಅಲ್ಲಿ ಕೊಯ್ಸಿಕೋತೇನಿ.”

ಮದುವೆ ಬೇಸಿಗೆಗೆ ಇತ್ತು. ಆಗಷ್ಟೇ ದೀಪಾವಳಿ ದಾಟಿತ್ತು. ಡಾಕ್ಟರಬಾಯಿ ಅಷ್ಟು ಕಾಯುವಂತಿಲ್ಲ ಎಂದು ಬಿಡಿಸಿ ಹೇಳಿದರು. ಈಗ ತೆಗೆಸಿದರೆ ಬದುಕುವ ಆಸೆ ಇದೆ, ಆಮೇಲೆ ತಾನು ಏನೂ ಹೇಳಲಾರೆ ಎಂದರು. ಬಸಲಿಂಗವ್ವ ತಲೆಯಾಡಿಸಿದಳು, ಸೆರಗು ಸರಿಮಾಡಿಕೊಂಡಳು, ಹೊರಗೆ ಹೋಗಿ ಮತ್ತೆ ನಗಿಸಿದಳು. ನನಗೆ ನಗು ಬರಲಿಲ್ಲ. ಪ್ರತಿ ವಾರ ಬಂದು ತೋರಿಸುವುದಾಗಿ ಮಾತ್ರ ಒಪ್ಪಿದ್ದಳು.

ಅದಾಗಿ ಸ್ವಲ್ಪ ದಿನಕ್ಕೆ ದವಾಖಾನೆಯ ಮುಂದೆ ಕಮಾನು ಕಟ್ಟಿದ ಗಾಡಿಯೊಂದು ಬಂದು ನಿಂತಿತು. ಇಳಿದವಳು ಉಪ್ಪಿನಬೆಟಗೇರಿಯ ಗಂಗವ್ವ, ಶಾಂತವ್ವನಿಗೆ ಅತ್ತೆಯಾಗಬೇಕಾದವಳು. ಕರಿಯ, ಗಟ್ಟಿ ಹೆಂಗಸು. ಹಣೆ ತುಂಬ ವಿಭೂತಿ. ನೇರವಾಗಿ ನನ್ನ ಹತ್ತಿರ ಬಂದು ಕೇಳಿದಳು: “ಅಡತಿ ಚನ್ನಬಸಪ್ಪನವರ ಮಗಳನ್ನ ತಂದುಕೊಳ್ಳಾಕತ್ತೇವಿ. ಅವರವ್ವ ನಿಮ್ಮಲ್ಲಿ ಬರತಾಳಂತ. ಯಾಕಂತ?”

ಕಲಿತ ಪಾಠವನ್ನೇ ಒಪ್ಪಿಸಿದೆ. ಮೊದಲು ನಿಮ್ಮದು ಹೇಳಿ ಎಂದೆ. ಎಲ್ಲರಂತೆ ಇವಳಿಗೂ ಹಾಲು ನೆನಪಾಗುತ್ತದೆ ಎಂದು ಕಾದೆ. ಗಂಗವ್ವ ಎದ್ದು ಹೋಗಲಿಲ್ಲ. ಬಾಗಿಲು ಹಾಕಿ ಬಂದು ಆರಾಮವಾಗಿ ಕೂತಳು.

“ನೀ ಹೇಳಿದ್ದ್ಯಂದ್ರ ನಾ ಎದ್ದು ಹೋಗಾಕಿದ್ದೆ” ಎಂದಳು. “ಬೀಗತಿ ಸುದ್ದಿ ತಗೊಂಡು ನನಗೇನಾಗಬೇಕೈತಿ? ನಿನ್ನ ಹೊಟ್ಟ್ಯಾಗ ಮಾತು ನಿಲ್ಲತೈತೋ ಇಲ್ಲೋ ನೋಡಬೇಕಾಗಿತ್ತು. ನನಗ ಒಂದ ತ್ರಾಸ ಐತಿ. ಕಡೀ ಕೂಸು ಹುಟ್ಟಿದಾಗಿಂದ ಐತಿ. ನನ್ನ ಗಂಡಗೂ ಹೇಳಿಲ್ಲ.”

ಹೆರಿಗೆಯಾದ ಮೇಲೆ ಅವಳ ಗರ್ಭಕೋಶ ಕೆಳಗೆ ಜಾರಿತ್ತು. ಹೊಲದಲ್ಲಿ ಬಗ್ಗಿದರೆ, ಭಾರ ಎತ್ತಿದರೆ ಹೊರಗೆ ಬರುತ್ತಿತ್ತು. ಇದನ್ನು ಇಟ್ಟುಕೊಂಡೇ ಅವಳು ಇಷ್ಟು ವರ್ಷ ಆಳುಗಳ ಸಮಕ್ಕೆ ದುಡಿದಿದ್ದಳು. ಡಾಕ್ಟರಬಾಯಿ ಪರೀಕ್ಷೆ ಮಾಡಿ, ಸದ್ಯಕ್ಕೆ ರಬ್ಬರಿನ ಬಳೆಯಂಥದ್ದೊಂದನ್ನು ಒಳಗೆ ಇಡುತ್ತೇನೆ, ಅದು ತಡೆದು ಹಿಡಿಯುತ್ತದೆ, ಆಗಾಗ ಬಂದು ತೊಳೆಸಿಕೊಂಡು ಹೋಗಬೇಕು ಎಂದರು. ಗಂಗವ್ವ ಬಾಗಿಲವರೆಗೆ ನಡೆದು ನೋಡಿದಳು, ಬಗ್ಗಿ ನೋಡಿದಳು. ಅವಳ ಮುಖ ಅರಳಿತು.

“ಎಂಥಾ ಬಳಿ ಇಡಸಿದ್ರಿ! ಇಷ್ಟು ಸುಖಾ ಕೊಟ್ಟ ಬಳಿ ಕೈಯಾಗ ಒಂದೂ ಇಲ್ಲ. ಆದ್ರ ಮಂದಿಗಿ ತೋರಿಸ್ಯಾಡೂ ಹಂಗಿಲ್ಲ ನೋಡು.”

ಹುಸೇನಬಿ ಬಾಯಿಗೆ ಸೆರಗು ತುರುಕಿಕೊಂಡು ಹೊರಗೆ ಓಡಿದಳು.

ಈಗ ಇಬ್ಬರು ಬೀಗತಿಯರ ಗುಟ್ಟೂ ನನ್ನ ಹೊಟ್ಟೆಯಲ್ಲಿ. ಇಬ್ಬರೂ ಒಂದೇ ದಿನ ಬಾರದಂತೆ ನೋಡಿಕೊಳ್ಳುವುದೇ ನನ್ನ ದೊಡ್ಡ ಕೆಲಸವಾಯಿತು. ಬಸಲಿಂಗವ್ವನಿಗೆ ಮಂಗಳವಾರ, ಗಂಗವ್ವನಿಗೆ ಗುರುವಾರ ಹೇಳಿಟ್ಟಿದ್ದೆ. ಆದರೆ ಗಂಗವ್ವನ ಹೊಲದಲ್ಲಿ ಹತ್ತಿ ಬಿಡಿಸುವುದು ಶುರುವಾಗಿ, ಅವಳು ತನಗೆ ಬಿಡುವಾದ ದಿನವೇ ಬಂದಳು. ಅದು ಮಂಗಳವಾರ.

ನಾನು ಒಳಗಿನಿಂದ ನೋಡುತ್ತೇನೆ, ಬಾಕಿನ ಒಂದು ತುದಿಗೆ ಬಸಲಿಂಗವ್ವ, ಇನ್ನೊಂದು ತುದಿಗೆ ಗಂಗವ್ವ! ಒಬ್ಬರನ್ನೊಬ್ಬರು ನೋಡಿ ಇಬ್ಬರಿಗೂ ಬಣ್ಣ ಇಳಿದಿತ್ತು. ಆದರೆ ಬೀಗರಲ್ಲವೇ, ಉಪಚಾರ ಬಿಡುವ ಹಾಗಿಲ್ಲ.

“ಆರಾಮದೀರಿ, ಬೀಗತ್ಯಾರ? ಇಲ್ಲಿಗೆ ಬಂದೀರಲ್ಲ?” ಎಂದಳು ಬಸಲಿಂಗವ್ವ.

“ನಾವು ಆರಾಮ್ರಿ. ನಮ್ಮ ಆಳಮಗನ ಹೇಂತಿಗಿ ಔಷಧ ಬೇಕಾಗಿತ್ತು. ನೀವ್ರಿ?”

“ನಾನೂ ಆರಾಮ್ರಿ. ಬಾಜೂ ಮನಿಯಾಕಿಗಿ ಔಷಧ ಒಯ್ಯಾಕ ಬಂದಿದ್ದೆ.”

ಆಗ ಡಾಕ್ಟರಬಾಯಿ ಬಾಗಿಲಿಗೆ ಬಂದು, “ಮುಂದಿನವರು ಬನ್ನಿ!” ಎಂದರು.

“ನೀವ ಹೋಗ್ರಿ” ಎಂದಳು ಗಂಗವ್ವ.

“ಛೇ ಛೇ, ನೀವು ದೂರದಿಂದ ಬಂದೀರಿ. ನೀವ ಮೊದಲ.”

“ನಿಮಗ ಮನ್ಯಾಗ ಮದುವಿ ಕೆಲಸ ಇರತಾವ. ನೀವ ಹೋಗ್ರಿ.”

ಮದುವೆ ಮಂಟಪದಲ್ಲೂ ಇಷ್ಟು ಉಪಚಾರ ನಡೆದಿರಲಿಕ್ಕಿಲ್ಲ. ಡಾಕ್ಟರಬಾಯಿ ಸೊಂಟದ ಮೇಲೆ ಕೈಯಿಟ್ಟು, “ಔಷಧ ಒಯ್ಯುವುದಾದರೆ ಇಲ್ಲೇ ಹೇಳಿ, ಎಂತದಕ್ಕೆ ಔಷಧ?” ಎಂದರು. ಕೊನೆಗೆ ಗಂಗವ್ವನೇ ತೊಡೆ ತಟ್ಟಿ ನಕ್ಕಳು.

“ಬಸಲಿಂಗವ್ವಾರ, ಇಲ್ಲಿ ಯಾವ ಆಳಮಗನ ಹೇಂತಿನೂ ಇಲ್ಲ. ನಾ ನನ್ನ ಸಲುವಾಗಿನ ಬಂದೇನಿ” ಎಂದು, ಅವಳ ಪಕ್ಕಕ್ಕೆ ಸರಿದು ಕೂತು, ಕಿವಿಯಲ್ಲಿ ತನ್ನ ತೊಂದರೆಯನ್ನೆಲ್ಲ ಹೇಳಿದಳು. ಬಳೆಯ ಸುದ್ದಿಯನ್ನೂ ಹೇಳಿರಬೇಕು. ಬಸಲಿಂಗವ್ವ ನಗಲು ಬಾಯಿ ತೆರೆದವಳು ಒಮ್ಮೆಲೇ ಅಳತೊಡಗಿದಳು. ಅಳುತ್ತಲೇ ತನ್ನ ಎದೆಯ ಗಂಟು, ತಾಯಿ, ಅಕ್ಕ, ಎಲ್ಲ ಹೇಳಿಬಿಟ್ಟಳು. ಬೇರೆಯವರು ಕೇಳಿಸಿಕೊಳ್ಳದಿರಲಿ ಎಂದು ನಾನು ಇಬ್ಬರನ್ನೂ ಒಳಗೆ ಕರೆದುಕೊಂಡೆ.

ಬಸಲಿಂಗವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಗಂಗವ್ವ ಡಾಕ್ಟರ ಕಡೆ ತಿರುಗಿದಳು.

“ಇದು ಹುಡುಗಿಗೂ ಬರತೈತೇನ್ರಿ? ಖರೇ ಹೇಳ್ರಿ.”

ಡಾಕ್ಟರಬಾಯಿ ಒಂದು ಸುಳ್ಳು ಹೇಳಿದ್ದರೆ ಎಷ್ಟು ಸುಲಭವಾಗುತ್ತಿತ್ತು! ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಹೇಳಲಿಲ್ಲ. “ಬರಬಹುದು. ಬಾರದೆಯೂ ಇರಬಹುದು. ಬೇರೆ ಹುಡುಗಿಯರಿಗಿಂತ ಇವಳಿಗೆ ಭಯ ಸ್ವಲ್ಪ ಜಾಸ್ತಿ ಉಂಟು. ಆದರೆ ಇವಳನ್ನು ನಾವು ಆಗಾಗ ನೋಡುತ್ತಾ ಇದ್ದರೆ, ಬಂದರೂ ಸಣ್ಣದಿರುವಾಗಲೇ ಸಿಗುತ್ತದೆ.”

ಗಂಗವ್ವ ಅದನ್ನು ಮನಸ್ಸಿನಲ್ಲಿ ತೂಗಿದಳು. “ನಾವು ಎತ್ತು ತರೂ ಮುಂದ ಸುಳಿ ನೋಡತೇವಿ, ಹಲ್ಲು ನೋಡತೇವಿ” ಎಂದಳು. “ಐಬು ಗೊತ್ತಿದ್ದ ಎತ್ತನ್ನ ಹ್ಯಾಂಗ ಹೂಡಬೇಕಂತ ಗೊತ್ತಿರತೈತಿ. ಏನೂ ಇಲ್ಲ ಅಂತ ಕೊಟ್ಟ ಎತ್ತು ನಡು ಹೊಲದಾಗ ಮಲಗತೈತಿ. ಊರಾಗ ಎಲ್ಲಾರ ಮನ್ಯಾಗ ಏನರ ಒಂದು ಇದ್ದ ಇರತೈತಿ. ನಿಮ್ಮದು ನನಗ ಗೊತ್ತಾತು, ಅಷ್ಟ. ಹುಡುಗಿನ್ನ ನಾ ಬಿಡೂದಿಲ್ಲ. ಆದ್ರ ಒಂದ ಮಾತು. ಮೊದಲ ನಿಮ್ಮ ಆಪರೇಶನ್, ಆಮ್ಯಾಗ ಅಕ್ಕಿಕಾಳ. ಹಡದವ್ವ ಇಲ್ಲದ ಹುಡುಗಿನ್ನ ಮನಿ ತುಂಬಿಸಿಕೊಂಡ್ರ, ಆಕಿ ಮುನಿಸಿಕೊಂಡಾಗ ನಾ ಯಾರ ಮನಿಗಿ ಕಳಸಬೇಕು?”

ಬಸಲಿಂಗವ್ವ ಅತ್ತಳೋ ನಕ್ಕಳೋ, ಎರಡೂ ಕೂಡಿಯೇ ಆಯಿತು. ಆ ಹೊತ್ತಿನಲ್ಲಿ ಡಾಕ್ಟರಬಾಯಿ ಗೋಡೆಯ ಕಡೆ ತಿರುಗಿ, ಆಗಲೇ ಮುಚ್ಚಿದ್ದ ಕಪಾಟನ್ನು ಮತ್ತೆ ಮತ್ತೆ ಮುಚ್ಚುತ್ತಿದ್ದರು.

ಇನ್ನು ಉಳಿದದ್ದು ಚನ್ನಬಸಪ್ಪ. ಗಂಡನ ಒಪ್ಪಿಗೆ ಇಲ್ಲದೆ ಶಸ್ತ್ರಚಿಕಿತ್ಸೆ ಆಗುವಂತಿರಲಿಲ್ಲ. ರುಮಾಲು ಸುತ್ತಿದ ದೊಡ್ಡ ಆಳು ಅವನು. ನಾವು ಕರೆಸಿದಾಗ ಹೆಂಗಸರ ದವಾಖಾನೆ ಎಂದು ಬಾಗಿಲಲ್ಲೇ ಬೆವರುತ್ತ ನಿಂತ. ಡಾಕ್ಟರಬಾಯಿ ಮೂರು ರೀತಿಯಲ್ಲಿ ವಿವರಿಸಿದರು. “ಏನೋ ರಿ, ನನಗ ತಿಳಿಯವಲ್ದು” ಎಂದ. ಗಂಟು ನೋಯುತ್ತಿಲ್ಲ, ಹೆಂಡತಿ ಉಂಡು ನಕ್ಕು ಓಡಾಡುತ್ತಿದ್ದಾಳೆ, ಅಂಥವಳನ್ನು ಕೊಯ್ಯುವುದೇಕೆ ಎಂಬುದು ಅವನ ಪ್ರಶ್ನೆ.

ಡಾಕ್ಟರಬಾಯಿ ಸುತ್ತ ನೋಡಿದರು. ಡಬ್ಬಿಯಿಂದ ಒಂದು ಹಿಡಿ ಅರಳೆ ತೆಗೆದು, ನನ್ನ ಕಡೆ ತಿರುಗಿ ಹುಣಸೆಬೀಜ ತರಲು ಹೇಳಿದರು. ಹುಸೇನಬಿಯ ಎಲೆಅಡಿಕೆ ಚೀಲದಲ್ಲಿ ಏನೆಲ್ಲ ಇರುತ್ತಿತ್ತೋ, ಅದೂ ಸಿಕ್ಕಿತು. ಬೀಜವನ್ನು ಅರಳೆಯೊಳಗೆ ಹುದುಗಿಸಿ, ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು. “ಕಣ್ಣು ಮುಚ್ಚಿ ನೋಡಿ” ಎಂದರು.

ಹತ್ತಿಯ ವ್ಯಾಪಾರಿಯ ಬೆರಳುಗಳು ತಾವಾಗಿಯೇ ಆಡತೊಡಗಿದವು. “ಇದರಾಗ ಏನೋ ಐತ್ರಿ. ಇಲ್ಲಿ.”

“ಅರಳೆಯಲ್ಲಿ ಅಂಥದ್ದು ಸಿಕ್ಕಿದರೆ ನೀವು ಎಂತ ಮಾಡುತ್ತೀರಿ?”

“ತಗದ ಒಗಿತೇವ್ರಿ. ಬಿಟ್ರ ಇಡೀ...” ಎಂದವನು ನಿಲ್ಲಿಸಿದ. ಕಣ್ಣು ತೆರೆದ. ಆ ಬಟ್ಟೆಯ ಗಂಟನ್ನು ಮತ್ತೊಮ್ಮೆ ಅದುಮಿ ನೋಡಿದ. ಆಮೇಲೆ ನನ್ನನ್ನು ಕೇಳಿದ: “ಆಕಿ ನನಗ ಯಾಕ ಹೇಳಲಿಲ್ಲ?”

“ನೀವು ಕೇಳಿರಲಿಲ್ಲರಿ” ಎಂದೆ. ಜೋರಾಗಿ ಹೇಳಲಿಲ್ಲ. ಆದರೂ ಅವನಿಗೆ ತಾಗಿತು. ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಂಡು ಒಪ್ಪಿಗೆ ಕೊಟ್ಟ.

ಬೆಳಗಾವಿಯಲ್ಲಿ ಆಪರೇಶನ್ ಆಯಿತು. ಡಾಕ್ಟರಬಾಯಿ ರಜೆ ಹಾಕಿ ಜೊತೆಗೆ ಹೋದರು. ಮದುವೆ ಮುಂದೆ ಹೋದದ್ದಕ್ಕೆ ಗಂಗವ್ವ ತನ್ನ ಮನೆಯ ಗಂಡಸರಿಗೆ ಹುಡುಗನಿಗೆ ಗುರುಬಲ ಇಲ್ಲ ಎಂದು ಹೇಳಿದಳಂತೆ. ಯಾವ ಸ್ವಾಮಿಗಳು ಹೇಳಿದರು ಎಂದು ಕೇಳಿದ್ದಕ್ಕೆ, “ಹುಬ್ಬಳ್ಳಿ ಶಿಶುಲೀಲಾ ಸ್ವಾಮ್ಯಾರು” ಎಂದಳಂತೆ. ಅವರು ಕೈ ಮುಗಿದರಂತೆ.

ಬಸಲಿಂಗವ್ವ ಮರಳಿ ಬರುವಾಗ ಸೊರಗಿದ್ದಳು. ಎಡಗೈ ಎತ್ತಲು ಬಹಳ ದಿನ ಕಷ್ಟಪಟ್ಟಳು. ದಿನವೂ ಗೋಡೆಗೆ ಬೆರಳು ಹಚ್ಚಿ ಮೇಲೆ ಮೇಲೆ ಏರಿಸುವ ವ್ಯಾಯಾಮ ಮಾಡಿಸುತ್ತಿದ್ದೆ. ಒಂದು ಮಂಗಳವಾರ ತಾನಾಗಿಯೇ ಯಂತ್ರ ಏರಿ ನಿಂತು, “ಒಂದ ಮಗ್ಗಲಾ ಹಗುರಾಗೇನಿ. ಮುಳ್ಳು ಯಾಕಡೆ ವಾಲತೈತಿ ನೋಡ್ರಿ” ಎಂದಳು. ನಗಬೇಕೋ ಬೇಡವೋ ತಿಳಿಯದೆ ನಿಂತ ನಮ್ಮನ್ನು ನೋಡಿ ಅವಳೇ ನಕ್ಕಳು. ಮಗಳ ಮದುವೆಯಲ್ಲಿ ಎಡಗೈಯಿಂದಲೇ ಅಕ್ಕಿಕಾಳು ಹಾಕಿದಳು. ನಾನು ಹುಬ್ಬಳ್ಳಿ ಬಿಡುವಾಗಲೂ ಅವಳು ಗಟ್ಟಿಯಾಗಿದ್ದಳು.

ಅರಳೆಯೊಳಗಿನ ಹುಣಸೆಬೀಜ ಆಮೇಲೆ ನಮ್ಮ ಶಾಲೆಯೇ ಆಯಿತು. ಬಸಲಿಂಗವ್ವ ಅರಳೆ ತುಂಬಿದ ಅಂಥ ಪುಟ್ಟ ದಿಂಡುಗಳನ್ನು ಹೊಲಿದು ಕೊಟ್ಟಳು. ಒಂದರಲ್ಲಿ ಹುಣಸೆಬೀಜ, ಒಂದರಲ್ಲಿ ಕಡಲೆ, ಒಂದರಲ್ಲಿ ಹತ್ತಿಕಾಳು, ಒಂದರಲ್ಲಿ ಏನೂ ಇಲ್ಲ. ಬಾಕಿನ ಮೇಲೆ ಕೂತ ಹೆಂಗಸರು ಪಂದ್ಯ ಕಟ್ಟಿ ಹುಡುಕುತ್ತಿದ್ದರು. ಬೆರಳಿಗೆ ರೂಢಿಯಾದ ಮೇಲೆ, ಸ್ನಾನ ಮಾಡುವಾಗ ನಿಮ್ಮ ಮೈಯನ್ನೂ ಹೀಗೇ ನೋಡಿಕೊಳ್ಳಿ ಎಂದು ಹೇಳಿ ಕಳಿಸುತ್ತಿದ್ದೆವು. ಊರಿನ ಒಬ್ಬ ದೊಡ್ಡ ಮನುಷ್ಯರು ದವಾಖಾನೆ ನೋಡಲು ಬಂದಾಗ ಹತ್ತಾರು ಹೆಂಗಸರು ಕಣ್ಣು ಮುಚ್ಚಿ ದಿಂಡು ಹಿಸುಕುತ್ತ ಕೂತಿದ್ದರು. “ಇದೇನು ನಡದೈತಿ?” ಎಂದು ಕೇಳಿದರು. “ಹತ್ತಿ ಪರೀಕ್ಷೆ” ಎಂದರು ಡಾಕ್ಟರಬಾಯಿ. ಹುಬ್ಬಳ್ಳಿಯಲ್ಲಿ ಅದಕ್ಕಿಂತ ಗೌರವದ ಕೆಲಸ ಇಲ್ಲವಾದ್ದರಿಂದ ಅವರು ತೃಪ್ತರಾಗಿ ಹೋದರು.

ಆದರೂ ಒಂದು ಉಳಿದೇ ಇತ್ತು. ಹೆಂಗಸರು ಒಳಗೆ ಬಂದು ಹೇಳುತ್ತಿದ್ದರೇ ಹೊರತು ಬಾಕಿನ ಮೇಲೆ ಯಾರೂ ತಮ್ಮ ನೋವಿನ ಹೆಸರು ಎತ್ತುತ್ತಿರಲಿಲ್ಲ. ಅಲ್ಲಿ ಕೂತಿರುವವರೆಲ್ಲ ಬೇರೆ ಯಾರಿಗೋ ಔಷಧ ಒ‌ಯ್ಯಲು ಬಂದವರೇ. ಗಬ್ಬೂರಿನ ಒಬ್ಬ ಮುದುಕಿ ವಾರಗಟ್ಟಲೆ ಬಂದು, ಮೊಣಕಾಲು ನೋವೆಂದು ಎಣ್ಣೆ ಒಯ್ಯುತ್ತಿದ್ದಳು. ಒಳಗೆ ಬರುತ್ತೀರಾ ಅಜ್ಜಿ ಎಂದರೆ, “ಈ ವಯಸಿನ್ಯಾಗ ನನ್ನ ಮೈ ಏನ ನೋಡತೀ?” ಎಂದು ನಡೆದುಬಿಡುತ್ತಿದ್ದಳು.

ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಶಾಂತವ್ವ ತೊಟ್ಟಿಲ ಕೂಸನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಒಂದು ಮಂಗಳವಾರ ಬೆಳಿಗ್ಗೆ ಪಡಸಾಲೆ ತುಂಬಿತ್ತು. ಅವಳು ಟಾಂಗಾದಿಂದ ಇಳಿದು, ಕೂಸನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನೇರ ಮೆಟ್ಟಿಲು ಹತ್ತಿದಳು. ತಲೆಯ ಮೇಲೆ ಸೆರಗೂ ಇರಲಿಲ್ಲ. ನಾನು ಬಾಗಿಲಲ್ಲಿದ್ದೆ. ಅಲ್ಲಿಂದಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ನರ್ಸಬಾಯಾರ, ನನ್ನ ಎದಿಯಾಗ ಗಂಟು ಹತ್ತೇತಿ. ನಿನ್ನೆ ಜಳಕ ಮಾಡೂ ಮುಂದ ಕೈಗೆ ಸಿಕ್ತು. ನಮ್ಮ ಅಜ್ಜಿಗಿತ್ತು, ದೊಡ್ಡವ್ವಗಿತ್ತು, ಅವ್ವಗೂ ಇತ್ತು. ಲಗೂನ ನೋಡ್ರಿ.”

ಪಡಸಾಲೆಯ ತಲೆಗಳೆಲ್ಲ ಅವಳ ಕಡೆ ತಿರುಗಿದವು. ನಾನು ಅವಳ ಕೈ ಹಿಡಿದು ಒಳಗೆ ಒಯ್ದೆ. ಡಾಕ್ಟರಬಾಯಿ ಎರಡೂ ಕಡೆ ನೋಡಿದರು, ಒತ್ತಿ ನೋಡಿದರು, ಮತ್ತೆ ಮೊದಲಿನಿಂದ ನೋಡಿದರು. ಆಮೇಲೆ ಅವರ ಧ್ವನಿ ದೊಡ್ಡದಾಗಿಯೇ ಹೊರಟಿತು. “ಹಾಲು ಕಟ್ಟಿದ್ದು ಮಾರಾಯ್ತಿ! ಬಿಸಿ ಬಟ್ಟೆ ಶಾಖ ಕೊಡು, ಮಗುವಿಗೆ ಆ ಕಡೆ ಜಾಸ್ತಿ ಕುಡಿಸು. ಮುಂದಿನ ವಾರ ಬಂದು ತೋರಿಸು.”

ಶಾಂತವ್ವ ಕೂತಲ್ಲೇ ಕೂಸಿಗೆ ಹಾಲು ಕುಡಿಸತೊಡಗಿದಳು. ಆಗ ನಾನು ಮುಂದಿನವರನ್ನು ಕರೆಯಲು ಬಾಗಿಲು ತೆರೆದೆ.

ಗಬ್ಬೂರಿನ ಮುದುಕಿ ಬಾಗಿಲ ಎದುರಿಗೇ ನಿಂತಿದ್ದಳು. ಕೈಯಲ್ಲಿ ಎಣ್ಣೆಯ ಸೀಸೆ ಇತ್ತು. ಅದನ್ನು ಬಾಕಿನ ಮೇಲೆ ಇಟ್ಟಳು.

“ನನಗೂ ಐತಿ ನೋಡವಾ” ಎಂದಳು. “ಆ ಹುಡುಗಿ ಹೇಳಿದ್ಲಲ್ಲ, ಅಂಥಾದ್ದ.”

ಅವಳದು ಹಾಲಿನ ಗಂಟಾಗಿರಲಿಲ್ಲ. ಆದರೆ ಇನ್ನೂ ಕೈಮೀರಿರಲಿಲ್ಲ. ಅವಳನ್ನೂ ಬೆಳಗಾವಿಗೆ ಕಳಿಸಿದೆವು, ಬದುಕಿ ಬಂದಳು. ಅದು ಆಮೇಲಿನ ಮಾತು. ಆ ಬೆಳಿಗ್ಗೆ ನಾನು ಅವಳನ್ನು ಕೈ ಹಿಡಿದು ಒಳಗೆ ಕರೆದುಕೊಳ್ಳುವಾಗ, ಬಾಕಿನ ಆ ತುದಿಯಿಂದ ಇನ್ನೊಬ್ಬಳು ಸೆರಗು ಸರಿಸಿ, “ಹಂಗಾರ ನನ್ನದೂ ಒಂದೀಟು ನೋಡಿಬಿಡ್ರಿ” ಎಂದಳು. ಅವಳ ಪಕ್ಕದವಳು, “ನನಗ ಅದಲ್ಲ, ಬ್ಯಾರೆನ ಐತಿ” ಎಂದಳು. “ನಮ್ಮವ್ವಗೂ ಹಂಗ ಇತ್ತಲ್ಲೇ!” ಎಂದಳು ಮತ್ತೊಬ್ಬಳು. ಹುಸೇನಬಿ ಸೊಂಟಕ್ಕೆ ಸೆರಗು ಸಿಕ್ಕಿಸಿ, “ಒಬ್ಬೊಬ್ಬರ ಬರ್ರಿ, ಒಬ್ಬೊಬ್ಬರ!” ಎಂದು ಕೂಗಲು ಶುರುಮಾಡಿದಳು. ಆ ದಿನ ನಮಗೆ ಯಾರಿಗೂ ಮಧ್ಯಾಹ್ನದ ಊಟ ಸಿಗಲಿಲ್ಲ.